ಪೈಥಾನ್ ಬಿಟ್ಟರೂ ಸಿ ಬಿಡದ ಮೆಮೊರಿ

ಪ್ರಶ್ನೆ: ಎಪಿಎಂಸಿ ಯಾರ್ಡಿನ ಹತ್ತಿರವಿರುವ ನಮ್ಮ ವೇಬ್ರಿಡ್ಜ್‌ನಲ್ಲಿ ಮೆಕ್ಕೆಜೋಳದ ಲಾರಿಗಳ ತೂಕ ದಾಖಲಿಸಲು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಯಂತ್ರದ ಜೊತೆ ಬಂದ ಸಿ ಲೈಬ್ರರಿಯನ್ನು, ಪೈಥಾನ್‌ನಿಂದ ಸಿ ಫಂಕ್ಷನ್‌ಗಳನ್ನು ಕರೆಯಲು ನೆರವಾಗುವ ಸಿಟೈಪ್ಸ್ ಮೂಲಕ ಸೆಕೆಂಡಿಗೆ 10 ಸಲ ಕರೆಯುತ್ತೇನೆ. ಬೆಳಿಗ್ಗೆ 30 ಎಂಬಿ ಮೆಮೊರಿಯಲ್ಲಿ ಶುರುವಾಗುವ ಪ್ರೋಗ್ರಾಂ 10 ಗಂಟೆ ಕಳೆಯುವಷ್ಟರಲ್ಲಿ 400 ಎಂಬಿ ಹತ್ತಿರ ಬರುತ್ತದೆ. ಬಳಕೆಯಲ್ಲಿಲ್ಲದ ಮೆಮೊರಿಯನ್ನು ತೆರವು ಮಾಡುವ ಜಿಸಿ.ಕಲೆಕ್ಟ್ ಕರೆದರೂ ಇಳಿಯುವುದಿಲ್ಲ. ಮೆಮೊರಿಯ ಲೆಕ್ಕ ತೋರಿಸುವ ಟ್ರೇಸ್‌ಮ್ಯಾಲಕ್‌ನಲ್ಲಿ ಸೋರಿಕೆ ಕಾಣುವುದಿಲ್ಲ. ಪ್ರತಿ ಸಲವೂ 1024 ಬೈಟ್‌ಗಳ ಹೊಸ ಬಫರ್ (ಮೆಮೊರಿಯ ತುಂಡು) ಸಿಗುತ್ತದೆ, ಬಳಸಿದ ಮೇಲೆ ಬಿಡುಗಡೆಯ ಫಂಕ್ಷನ್ ಕರೆಯಬೇಕು ಎಂದು ಹೆಡರ್ ಫೈಲಿನಲ್ಲಿದೆ. ಫಂಕ್ಷನ್ ಹಿಂದಿರುಗಿಸುವ ಮೌಲ್ಯದ ಬಗೆಯನ್ನು ಹೇಳುವ ರೆಸ್‌ಟೈಪ್ ಅನ್ನು ಸಿ_ಚಾರ್_ಪಿ (ಅಕ್ಷರಗಳಿರುವ ಜಾಗದ ವಿಳಾಸ) ಎಂದು ಕೊಟ್ಟ ಮೇಲೆ ಪೈಥಾನ್ ಅದನ್ನು ತಾನೇ ನೋಡಿಕೊಳ್ಳುವುದಿಲ್ಲವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೋಡಿಕೊಳ್ಳುವುದಿಲ್ಲ. ಸಿ_ಚಾರ್_ಪಿ ಎಂದು ಕೊಟ್ಟಾಗ ಸಿಟೈಪ್ಸ್ ಆ ಬಫರಿನಲ್ಲಿರುವ ಅಕ್ಷರಗಳನ್ನು ಪೈಥಾನಿನ ಬೈಟ್ಸ್ ಆಗಿ ನಕಲು ಮಾಡಿ ನಿಮಗೆ ಕೊಡುತ್ತದೆ. ಮೂಲ ಬಫರಿನ ವಿಳಾಸ ಅಲ್ಲಿಗೇ ಕಳೆದುಹೋಗುತ್ತದೆ. ಕಸ ಗುಡಿಸುವ ಜಿಸಿ ಗುಡಿಸುವುದು ಪೈಥಾನಿನ ಅಂಗಳವನ್ನು ಮಾತ್ರ. ಟ್ರೇಸ್‌ಮ್ಯಾಲಕ್ ಕೂಡ ಪೈಥಾನ್ ತಾನು ಪಡೆದ ಮೆಮೊರಿಯನ್ನಷ್ಟೇ ಲೆಕ್ಕ ಇಡುವುದರಿಂದ, ಲೈಬ್ರರಿ ನೇರವಾಗಿ ಪಡೆದದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕ ಹಾಕಿ ನೋಡಿ: 10 ಗಂಟೆಗೆ 3,60,000 ಕರೆಗಳು, ಕರೆಗೊಂದು ಕಿಲೋಬೈಟ್, ಒಟ್ಟು ಸುಮಾರು 350 ಎಂಬಿ. ನಿಮ್ಮ ಏರಿಕೆ ಬಹುಪಾಲು ಇದೇ ಆಗಿರಬೇಕು.

ರೆಸ್‌ಟೈಪ್ ಅನ್ನು ಸಿ_ವಾಯ್ಡ್_ಪಿ ಎಂದು ಬದಲಿಸಿ. ಆಗ ವಿಳಾಸವೇ ಒಂದು ಸಂಖ್ಯೆಯಾಗಿ ಕೈಗೆ ಬರುತ್ತದೆ. ಅದು ನನ್ (None, ಅಂದರೆ ಏನೂ ಇಲ್ಲ) ಅಲ್ಲವೆಂದು ನೋಡಿಕೊಂಡು, ಸ್ಟ್ರಿಂಗ್_ಅಟ್‌ನಿಂದ ಪಠ್ಯವನ್ನು ನಕಲು ಮಾಡಿಕೊಂಡು, ನಡುವೆ ದೋಷ ಬಂದರೂ ತಪ್ಪದಂತೆ ಬಿಡುಗಡೆಯ ಕರೆಯನ್ನು ಫೈನಲಿ ಭಾಗದಲ್ಲಿಡಿ. ಇಲ್ಲಿ ಹಲವರು ಎಡವುವುದುಂಟು: ಬಿಡುಗಡೆಯ ಫಂಕ್ಷನ್‌ಗೆ, ಕಳಿಸುವ ಮೌಲ್ಯಗಳ ಬಗೆಯನ್ನು ಹೇಳುವ ಆರ್ಗ್‌ಟೈಪ್ಸ್‌ನಲ್ಲಿಯೂ ಸಿ_ವಾಯ್ಡ್_ಪಿ ಎಂದು ಹೇಳದಿದ್ದರೆ, ಸಿಟೈಪ್ಸ್ ಆ ಸಂಖ್ಯೆಯನ್ನು ಸಿ ಭಾಷೆಯ ಸಾಮಾನ್ಯ ಇಂಟ್ ಆಗಿ ಕಳಿಸುತ್ತದೆ, 64 ಬಿಟ್ ಯಂತ್ರದಲ್ಲಿ ವಿಳಾಸದ ಅರ್ಧ ಕತ್ತರಿಸಿಹೋಗುತ್ತದೆ, ಸೋರಿಕೆಯ ಬದಲು ಪ್ರೋಗ್ರಾಂ ದಿಢೀರನೆ ನಿಂತುಬಿಡುತ್ತದೆ.

ಲೈಬ್ರರಿಯದೇ ಫಂಕ್ಷನ್ ಬಿಟ್ಟು ಸಿ ಭಾಷೆಯ ಫ್ರೀ ಅನ್ನು ನೇರವಾಗಿ ಕರೆಯಬೇಡಿ. ವಿಂಡೋಸ್‌ನಲ್ಲಿ ಲೈಬ್ರರಿ ಒಂದು ಸಿ ರನ್‌ಟೈಮ್‌ನಿಂದ ಪಡೆದ ಮೆಮೊರಿಯನ್ನು ಮತ್ತೊಂದರ ಫ್ರೀಗೆ ಒಪ್ಪಿಸಿದರೆ ಹೀಪ್ (ಮೆಮೊರಿ ಹಂಚುವ ಜಾಗ) ಕೆಡುವ ಸಾಧ್ಯತೆ ನಿಜವಾದದ್ದು. ಆ ತಪ್ಪನ್ನು ಹುಡುಕುವುದು ಈಗಿನ ಸೋರಿಕೆಗಿಂತ ಕಷ್ಟ.

ಪ್ರಶ್ನೆ: ಸಿ ಲೈಬ್ರರಿಗೆ ಕೊಟ್ಟ ಕಾಲ್‌ಬ್ಯಾಕ್ ಫಂಕ್ಷನ್ (ಲೈಬ್ರರಿಯೇ ಮುಂದೆ ಕರೆಯುವ ನಮ್ಮ ಫಂಕ್ಷನ್) ಕೆಲವು ಸಲ ಸರಿಯಾಗಿ ನಡೆದು, ಕೆಲವು ಸಲ ಪ್ರೋಗ್ರಾಂ ಅನ್ನೇ ಕೆಡವುತ್ತದೆ. ಏಕೆ?
— ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಪೈಥಾನ್ ಫಂಕ್ಷನ್ ಅನ್ನು ಸಿ ಕರೆಯುವಂತೆ ಮಾಡುವ ಸಿಫಂಕ್‌ಟೈಪ್‌ನಿಂದ ಮಾಡಿದ ವಸ್ತುವನ್ನು ನೀವು ಯಾವ ಹೆಸರಿನಲ್ಲಿಯೂ ಇಟ್ಟುಕೊಳ್ಳದೆ ನೇರವಾಗಿ ಕರೆಯೊಳಗೇ ಬರೆದಿರಬಹುದು. ಕರೆ ಮುಗಿದೊಡನೆ ಪೈಥಾನ್ ಅದನ್ನು ಅಳಿಸುತ್ತದೆ, ಲೈಬ್ರರಿಯ ಬಳಿ ಮಾತ್ರ ಹಳೆಯ ವಿಳಾಸ ಉಳಿದಿರುತ್ತದೆ. ಆ ಜಾಗವನ್ನು ಬೇರೆ ಯಾವುದೋ ತುಂಬುವವರೆಗೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಆ ವಸ್ತುವನ್ನು ಕ್ಲಾಸಿನ ಸದಸ್ಯನಾಗಿ ಇಟ್ಟುಕೊಳ್ಳಿ. ಕಾಲ್‌ಬ್ಯಾಕ್‌ನ ನೋಂದಣಿಯನ್ನು ಲೈಬ್ರರಿಯಲ್ಲಿ ರದ್ದುಮಾಡಿದ ನಂತರವೇ ಅದನ್ನು ಬಿಡಿ.