ಹಾಕಿ ನೋಡದ ಬಿಸಿಡಿ ಬಗ್ಗೆ ಎಷ್ಟು ಹೇಳಬಹುದು?

ಅಕ್ಕಾರೇ, ನಮ್ಮ ಸ್ಕೂಬಾ ಡೈವಿಂಗ್ ಗುಂಪಿನಲ್ಲಿ ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಬಿಸಿಡಿ ಅಂದರೆ ನೀರಲ್ಲಿ ತೇಲಲು, ಒಂದೇ ಆಳದಲ್ಲಿ ನಿಲ್ಲಲು ಗಾಳಿ ತುಂಬಿಕೊಳ್ಳುವ ಅಂಗಿ. ಬೆನ್ನ ಹಿಂದೆ ಮಾತ್ರ ಗಾಳಿ ತುಂಬುವ ಬ್ಯಾಕ್ ಇನ್‌ಫ್ಲೇಟ್ ಬಿಸಿಡಿ ಗದಗಿಗೇ ಪಾರ್ಸೆಲ್ ತರಿಸಲಾ, ಇಲ್ಲಾ ನೇತ್ರಾಣಿ ದ್ವೀಪದಲ್ಲಿ ಬಾಡಿಗೆಗೆ ಹಾಕಿಕೊಂಡ, ಮೈ ಸುತ್ತ ಗಾಳಿ ತುಂಬುವ ಜಾಕೆಟ್ ಥರದ್ದೇ ತಗೊಳ್ಳಲಾ ಅಂತ ಕೇಳಿದ್ದೀರಿ. ಬೆಳಗಾಗುವುದರೊಳಗೆ ಉತ್ತರಗಳು ಬಂದುಬಿಟ್ಟಿವೆ. ‘ಮುಖ ನೀರಿಗೆ ದಬ್ಬುತ್ತೆ, ಬೇಡ’ ಅಂತ ಒಬ್ಬರು. ‘ಕಣ್ಣು ಮುಚ್ಚಿ ತಗೊಳ್ಳಿ’ ಅಂತ ಇನ್ನೊಬ್ಬರು. ನೀವು ಹಾಕಿ ನೋಡಿದ್ದೀರಾ ಅಂತ ಕೇಳಿದೆ. ಇಬ್ಬರೂ ವಿಡಿಯೋ ನೋಡಿದವರು.

ಅವರನ್ನು ಬೈಯಲ್ಲ. ಹುಬ್ಬಳ್ಳಿಯಿಂದ ಮುರುಡೇಶ್ವರ ಸುಮಾರು 200 ಕಿಲೋಮೀಟರ್. ಅಲ್ಲಿಂದ ಬೋಟಿನಲ್ಲಿ ಇನ್ನೊಂದು 19 ಕಿಲೋಮೀಟರ್ ಹೋದರೆ ನೇತ್ರಾಣಿ. ಮಳೆಗಾಲದಲ್ಲಿ ಅದೂ ಬಂದ್. ನೀರು ಸಿಗದ ತಿಂಗಳುಗಳಲ್ಲಿ ಮಾತು ಜಾಸ್ತಿ ಆಗುತ್ತೆ.

ನಾನೂ ಹಾಗೇ ಮಾಡಿದವನು. ಈಜಲು ಕಾಲಿಗೆ ತೊಡುವ ಸ್ಪ್ಲಿಟ್ ಫಿನ್ಸ್ ಬಗ್ಗೆ ಎರಡು ವರ್ಷ ಇದೇ ಗುಂಪಿನಲ್ಲಿ ಕೆಟ್ಟದಾಗಿ ಬರೆದೆ. ನಡುವೆ ಸೀಳಿದ ಫಿನ್ ನೀರನ್ನು ಏನು ತಳ್ಳೀತು ಅಂತ. ಒಮ್ಮೆ ಬೋಟಿನಲ್ಲೇ ನನ್ನ ಫಿನ್ ಪಟ್ಟಿ ಹರಿಯಿತು. ಪಕ್ಕದವರು ತಮ್ಮ ಸ್ಪ್ಲಿಟ್ ಫಿನ್ಸ್ ಕೊಟ್ಟರು. ಅವತ್ತು ಎರಡನೇ ಡೈವ್ ಮುಗಿದರೂ ನನ್ನ ಮೀನಖಂಡ ಹಿಡಿಯಲಿಲ್ಲ. ಆದರೆ ಬಂಡೆ ಹತ್ತಿರ ಹಿಂದಕ್ಕೆ ಸರಿಯಲು ಹೋದರೆ ಅದು ಕೈಕೊಟ್ಟಿತು, ಕಪ್ಪೆಯ ಹಾಗೆ ಕಾಲು ಬಡಿದರೂ ಅಷ್ಟು ಹಿಡಿತ ಸಿಗಲಿಲ್ಲ. ನಾನು ಬರೆದ ದೋಷ ಅದರಲ್ಲಿ ಇರಲಿಲ್ಲ. ಇದ್ದ ದೋಷ ನನಗೆ ಗೊತ್ತೇ ಇರಲಿಲ್ಲ.

ಹಾವೇರಿ ಕಡೆ ಎತ್ತು ಕೊಳ್ಳುವವರು ಹಲ್ಲು ನೋಡ್ತಾರೆ, ಗೊರಸು ನೋಡ್ತಾರೆ, ಸುಳಿ ನೋಡ್ತಾರೆ. ಆಮೇಲೆ ಹೂಡಿ ನೋಡ್ತಾರೆ. ಹಲ್ಲು ನೋಡಿದ್ದು ಸುಮ್ನೆ ಅಲ್ಲ, ಆದರೆ ನೊಗದ ಕೆಳಗೆ ಹೇಗೆ ನಡೆಯುತ್ತೆ ಅಂತ ಹಲ್ಲು ಹೇಳಲ್ಲ. ಬಿಸಿಡಿಗೂ ಈ ಎರಡೂ ಬೇಕು.

ಮೊದಲು ಮನೆಯಲ್ಲೇ ನೋಡಬಹುದಾದದ್ದು. ವಾಪಸ್ ತಗೊಳ್ಳುವ ಅಂಗಡಿಯಿಂದಲೇ ತರಿಸಿ. ನೀವು ಬಳಸುವ ವೆಟ್‌ಸೂಟ್ (ಮೈಗೆ ಅಂಟುವ ರಬ್ಬರ್ ಸೂಟ್) ಹಾಕಿ, ಅದರ ಮೇಲೆ ಬಿಸಿಡಿ ತೊಟ್ಟು, ಬಾಯಿಂದ ಊದಿ ಪೂರ್ತಿ ಗಾಳಿ ತುಂಬಿ. ದೀರ್ಘವಾಗಿ ಉಸಿರು ಎಳೆದುಕೊಳ್ಳಿ. ಎದೆ ಬಿಗಿದರೆ ಸೈಜ್ ಸರಿಯಿಲ್ಲ. ಆಮೇಲೆ ಕಣ್ಣು ಮುಚ್ಚಿ. ಬಲ ಹೆಗಲ ಮೇಲಿನ ಗಾಳಿ ಬಿಡುವ ದಾರ ಕೈಗೆ ಸಿಗುತ್ತಾ? ಹಿಂದೆ ಸೊಂಟದ ಹತ್ತಿರದ್ದು? ಮುಳುಗಲು ಭಾರಕ್ಕೆಂದು ಹಾಕುವ ಸೀಸದ ಜೇಬು ಒಂದೇ ಎಳೆತಕ್ಕೆ ಬರುತ್ತಾ? ಒಂದೊಂದನ್ನೂ ಹತ್ತು ಸಲ ಹುಡುಕಿ. ಕೊನೆಗೆ ಗಾಳಿ ತುಂಬಿಯೇ ಮೂಲೆಯಲ್ಲಿಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಎಲ್ಲೋ ಸೋರುತ್ತಿದೆ. ಬಿಸಿಡಿಗೆ ಗಾಳಿ ತರುವ ಇನ್‌ಫ್ಲೇಟರ್ ಪೈಪು, ಸಿಲಿಂಡರ್ ಗಾಳಿಯನ್ನು ಉಸಿರಾಡಲು ಕೊಡುವ ನಿಮ್ಮ ರೆಗ್ಯುಲೇಟರ್‌ಗೆ ಕೂರುತ್ತಾ, ರಿಪೇರಿ ಎಲ್ಲಿ ಮಾಡ್ತಾರೆ ಅಂತಲೂ ಕೇಳಿಕೊಳ್ಳಿ. ಇಷ್ಟಕ್ಕೆ ಸಮುದ್ರ ಬೇಕಿಲ್ಲ.

ಇನ್ನು ‘ಮುಖ ದಬ್ಬುತ್ತೆ’ ಅನ್ನುವ ಮಾತು. ನನ್ನದು ಬ್ಯಾಕ್ ಇನ್‌ಫ್ಲೇಟೇ, ಹಾಗಾಗಿ ಹೇಳ್ತೀನಿ. ಮಾತು ಪೂರ್ತಿ ಸುಳ್ಳಲ್ಲ. ಗಾಳಿ ಬೆನ್ನ ಹಿಂದೆ ಇರುತ್ತೆ, ಸೀಸ ಮುಂದೆ ಸೊಂಟದಲ್ಲಿ. ಮೇಲೆ ಬಂದಾಗ ಗಾಬರಿಯಲ್ಲಿ ಗುಂಡಿ ಒತ್ತಿ ಪೂರ್ತಿ ತುಂಬಿದರೆ ಮುಂದಕ್ಕೆ ವಾಲಿಸುತ್ತೆ. ತಲೆ ನೀರಿಂದ ಮೇಲಿರುವಷ್ಟೇ ಗಾಳಿ ತುಂಬಿ, ಕುರ್ಚಿಗೆ ಒರಗಿದ ಹಾಗೆ ಹಿಂದಕ್ಕೆ ವಾಲಿ, ಸ್ವಲ್ಪ ಸೀಸವನ್ನು ಹಿಂದಿನ ಜೇಬಿಗೆ ಹಾಕಿ. ನನಗೆ ಮೂರನೇ ಡೈವ್‌ಗೆ ಸರಿಹೋಯಿತು. ಮೊದಲ ಡೈವ್ ಆದ ತಕ್ಷಣ ಬರೆದಿದ್ದರೆ ನಾನೂ ‘ಬೇಡ’ ಅಂತಲೇ ಬರೆಯುತ್ತಿದ್ದೆ.

ವಿಡಿಯೋಗಳನ್ನು ನೋಡಿ, ಆದರೆ ಹೇಳುವವರು ಯಾವ ನೀರಿನವರು ಅಂತ ಗಮನಿಸಿ. ತಣ್ಣೀರಲ್ಲಿ 7 ಮಿಲಿಮೀಟರ್ ದಪ್ಪದ ಸೂಟ್ ಹಾಕುವವರಿಗೆ ಸೀಸ ಜಾಸ್ತಿ ಬೇಕು, ಹಾಗಾಗಿ ದೊಡ್ಡ ಗಾಳಿಚೀಲವೂ ಬೇಕು. ನಮಗೆ ನೇತ್ರಾಣಿಯಲ್ಲಿ 3 ಮಿಲಿಮೀಟರ್ ಸಾಕು. ಅವರು ‘ಇದು ಸಾಲಲ್ಲ’ ಅಂದದ್ದು ನಮಗೆ ಬೇಕಾದಷ್ಟಾಗಬಹುದು.

ಇನ್ನೊಂದು ವಿಷಯ, ಒಂದು ಸಲಕ್ಕೆ ಒಂದೇ ಹೊಸ ಸಾಮಾನು. ನೀವು ಹೊಸ ಸೂಟ್, ಹೊಸ ಮಾಸ್ಕ್ ಕೂಡ ತರಿಸುವ ಯೋಚನೆಯಲ್ಲಿದ್ದೀರಿ. ಹೊಸ ಸೂಟ್ ತೇಲಿಸುತ್ತೆ, ಹಳೆಯದರಷ್ಟು ಅದುಮಿರಲ್ಲ. ಮೂರನ್ನೂ ಒಟ್ಟಿಗೆ ಹಾಕಿ ಇಳಿದರೆ ತಪ್ಪು ಯಾವುದರದ್ದು ಅಂತ ಹೇಗೆ ಹೇಳ್ತೀರಿ? ಮಾಸ್ಕ್‌ಗೂ ಇದೇ ಪಾಡು. ಹೊಸ ಗಾಜಿನ ಒಳಮೈಯಲ್ಲಿ ತಯಾರಿಕೆಯ ತೆಳು ಪೊರೆ ಇರುತ್ತೆ. ಟೂತ್‌ಪೇಸ್ಟ್ ಹಚ್ಚಿ ಎರಡು ಮೂರು ಸಲ ಉಜ್ಜಿ ತೊಳೆಯದಿದ್ದರೆ ಡೈವ್ ಪೂರ್ತಿ ಮಂಜು. ಎಷ್ಟೋ ಜನ ಒಳ್ಳೆ ಮಾಸ್ಕನ್ನು ಇದೇ ಕಾರಣಕ್ಕೆ ಅರ್ಧ ಬೆಲೆಗೆ ಮಾರಿದ್ದಾರೆ.

ಮೊದಲ ಸಲ ಇಳಿಯುವಾಗ ಡೈವ್ ಮಾಸ್ಟರ್‌ಗೆ ‘ಇದು ನನಗೆ ಹೊಸದು’ ಅಂತ ಹೇಳಿ. ಐದಾರು ಮೀಟರ್‌ನಲ್ಲೇ ಸ್ವಲ್ಪ ಹೊತ್ತು ನಿಂತು ನೋಡಿ. ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ 50 ಬಾರ್‌ಗೆ ಇಳಿದಾಗ ಇನ್ನೊಮ್ಮೆ ಅಲ್ಲೇ ನಿಲ್ಲಿ. ತುಂಬಿದ 11 ಲೀಟರ್ ಸಿಲಿಂಡರ್‌ನಲ್ಲಿ ಗಾಳಿಯೇ ಎರಡೂವರೆ ಕಿಲೋ ತೂಗುತ್ತೆ. ಅದರಲ್ಲಿ ಬಹುಪಾಲು ಖಾಲಿಯಾದ ಮೇಲೂ ಮೇಲಕ್ಕೆ ಏಳದೆ ನಿಂತರೆ ಸೀಸ ಕಡಿಮೆಯಾಗಿಲ್ಲ ಅಂತ ಅರ್ಥ. ಪಾರ್ಸೆಲ್ ಬಂತು ಅಂತ ಹೊಲದ ಬಾವಿಗೋ ಕೆರೆಗೋ ಒಬ್ಬರೇ ಇಳಿಯಬೇಡಿ. ದಯವಿಟ್ಟು.

ಅವಸರ ಇಲ್ಲದಿದ್ದರೆ ಇನ್ನೂ ಒಳ್ಳೇದು. ಮಳೆ ಮುಗಿದು ಬೋಟ್ ಶುರುವಾದ ಮೇಲೆ ನಾವು ಹುಬ್ಬಳ್ಳಿಯಿಂದ ನಾಲ್ಕು ಜನ ಹೊರಡ್ತೀವಿ. ನನ್ನದು ಮೀಡಿಯಂ ಸೈಜ್. ನಿಮ್ಮ ಎತ್ತರ, ಎದೆ ಸುತ್ತಳತೆ ಕಳಿಸಿ. ಕೂರುವ ಹಾಗಿದ್ದರೆ ಮೊದಲ ಡೈವ್‌ಗೆ ನೀವು ನನ್ನದನ್ನು ಹಾಕಿಕೊಳ್ಳಿ, ನಾನು ಬಾಡಿಗೆ ಜಾಕೆಟ್ ಹಾಕ್ತೀನಿ. ಎರಡನೇ ಡೈವ್‌ಗೆ ಬದಲಾಯಿಸಿಕೊಳ್ಳೋಣ.