ಹೆಸರು ಹೇಳಿಬಿಡಿ ಮೇಡಂ, ಯಾವ ಆಸ್ಪತ್ರೆ?

ಪ್ರಶ್ನೆ: ಮೇಡಂ, ನಮ್ಮವ್ವಂಗೆ 56 ವರ್ಷ. ಸ್ಕ್ಯಾನಿಂಗಲ್ಲಿ ಪಿತ್ತಕೋಶದಲ್ಲಿ ಕಲ್ಲು ಐತೆ ಅಂತ ಬಂತು. ಊಟ ಆದ್ಮೇಲೆ ಆಗಾಗ ಬಲಗಡೆ ಹೊಟ್ಟೆನೋವು, ಹುಳಿತೇಗು. ಊರಿನ ಡಾಕ್ಟ್ರು ದಾವಣಗೆರೆಲಿ ಒಂದು ನರ್ಸಿಂಗ್ ಹೋಂ ಹೇಳಿ, ಅಲ್ಲಿಗೇ ಹೋಗಿ ನಾನು ಫೋನ್ ಮಾಡಿರ್ತೀನಿ ಅಂದ್ರು. ನಮ್ಮ ಮಾವ ದೊಡ್ಡಾಸ್ಪತ್ರೆನೇ ಆಗ್ಬೇಕು ಅಂತಾರೆ. ಗೂಗಲ್ಲಲ್ಲಿ ಎರಡಕ್ಕೂ ನಾಲ್ಕೂವರೆ ಸ್ಟಾರ್. ಬಿಪಿಎಲ್ ಕಾರ್ಡ್ ಐತೆ. ಯಾವ್ದು ಒಳ್ಳೇದು, ಹೆಸರು ಹೇಳಿಬಿಡಿ.
– ಓದುಗರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: ಹೆಸರು ಹೇಳಲ್ಲ, ಬೈಕೋಬೇಡಿ. ನಿಮ್ಮೂರ ಡಾಕ್ಟ್ರು ಒಳ್ಳೆ ಮನಸ್ಸಿಂದಾನೇ ಹೇಳಿರ್ಬಹುದು, ಆದ್ರೆ ಪೇಷಂಟ್ ಕಳ್ಸಿದ್ದಕ್ಕೆ ಕಮಿಷನ್ ತಗೊಳ್ಳೋದು ನಡೆಯುತ್ತೆ ಅನ್ನೋದು ಗುಟ್ಟೇನಲ್ಲ, ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಅದನ್ನ ಬೇಡ ಅಂದಿದ್ರೂನೂ. ಅದಕ್ಕೆ "ಅಲ್ಲಿಗೇ ಯಾಕೆ ಸಾರ್?" ಅಂತ ಮೆಲ್ಲಗೆ ಕೇಳಿ. ಅಲ್ಲಿನ ಸರ್ಜನ್ ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರದಲ್ಲೇ ಮಾಡೋ ಆಪರೇಷನ್) ಜಾಸ್ತಿ ಮಾಡ್ತಾರೆ, ಐಸಿಯು ಐತೆ ಅಂದ್ರೆ ಅದೊಂದು ಕಾರಣ. "ನಮ್ಮೋರೇ, ನಾನು ಹೇಳ್ತೀನಿ" ಅಂದ್ರೆ ಅಲ್ಲ. ಸ್ಟಾರ್‌ಗಳು ಬಿಡಿ, ಪಾರ್ಕಿಂಗ್ ಚೆನ್ನಾಗಿದ್ರೂ ಕೊಡ್ತಾರೆ.

ಅದಕ್ಕಿಂತ ಮುಂಚೆ ಆಪರೇಷನ್ ಬೇಕಾ ಅನ್ನೋದು ಇತ್ಯರ್ಥ ಆಗ್ಲಿ. ಕಲ್ಲಿದ್ದೂ ತೊಂದ್ರೆ ಕೊಡದೇ ಇದ್ರೆ ಸಾಮಾನ್ಯವಾಗಿ ಮುಟ್ಟಲ್ಲ. ನಿಮ್ಮವ್ವಂಗೆ ನೋವಿದೆ, ಅದು ಕಲ್ಲಿಂದಾನಾ ಗ್ಯಾಸ್ಟ್ರಿಕ್ಕಾ ಅಂತ ಸರ್ಜನ್ನೇ ನೋಡಿ ಹೇಳ್ಬೇಕು, ಯಾಕಂದ್ರೆ ಬರೀ ಕಲ್ಲಲ್ಲ ಪಿತ್ತಕೋಶಾನೇ ತೆಗೀತಾರೆ, ತೆಗೆದ್ಮೇಲೂ ಹುಳಿತೇಗು ಹಂಗೇ ಉಳಿದ್ರೆ ದುಡ್ಡೂ ಹೋಯ್ತು ಸಂಕಟಾನೂ ಉಳೀತು ಅಂತಾಗುತ್ತೆ. ಸ್ಕ್ಯಾನಿಂಗ್ ರಿಪೋರ್ಟ್ ಹಿಡ್ಕೊಂಡು ಇನ್ನೊಬ್ಬ ಸರ್ಜನ್ ಹತ್ರ ತೋರಿಸಿ, ಮೊದಲ್ನೇ ಡಾಕ್ಟ್ರಿಗೆ ಬೇಜಾರಾಗುತ್ತೆ ಅಂತ ಹಿಂಜರೀಬೇಡಿ.

ಬಿಪಿಎಲ್ ಕಾರ್ಡ್ ಇದೆ ಅಂತೀರಲ್ಲ, ಹಂಗಾದ್ರೆ ಮೊದ್ಲು ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಐತೆ, ಆದ್ರೆ ಎಮರ್ಜೆನ್ಸಿ ಅಲ್ಲದ ಕೇಸಿಗೆ ಖಾಸಗಿಗೆ ಹೋಗ್ಬೇಕಂದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಎಷ್ಟೋ ಜನ ಸೀದಾ ಖಾಸಗಿಯಲ್ಲಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸ್ತಾರೆ, ಅಷ್ಟೊತ್ತಿಗೆ ಅಡ್ವಾನ್ಸ್ ಕಟ್ಟಿ ಆಗಿರುತ್ತೆ.

ದುಡ್ಡು ಕೊಟ್ಟೇ ಮಾಡಿಸೋದಾದ್ರೆ ಎಸ್ಟಿಮೇಟ್ ಬರೆಸ್ಕೊಳ್ಳಿ: ರೂಮು, ಅನಸ್ತೇಷಿಯಾ, ಔಷಧಿ ಎಲ್ಲಾ ಸೇರಿಸಿ, ರಂಧ್ರದಲ್ಲಿ ಆಗದೇ ಹೊಟ್ಟೆ ಕೊಯ್ಯೋ ಹಂಗಾದ್ರೆ ಎಷ್ಟು ಅನ್ನೋದೂ ಸೇರಿ. ಕೇಳೋದ್ರಲ್ಲಿ ನಾಚಿಕೆ ಏನಿಲ್ಲ. ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಬಿಸಾಕ್ಬೇಡಿ, ದುಡ್ಡು ಕೊಟ್ಟು ತಗೊಂಡ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೇಸ್ ಶೀಟ್ (ಆಸ್ಪತ್ರೆಯವ್ರು ಬರೆದಿಟ್ಟ ಚಿಕಿತ್ಸೆಯ ದಾಖಲೆ) ಕೇಳಿದ್ರೆ 72 ಗಂಟೆಯೊಳಗೆ ಕೊಡ್ಬೇಕು.

ಇದೆಲ್ಲಾ ಅವ್ವ ಆರಾಮಾಗಿ ಓಡಾಡ್ತಿರೋವರೆಗೆ ಮಾತ್ರ. ಚಳಿಜ್ವರ ಬಂದ್ರೆ, ಕಣ್ಣು ಹಳದಿ ಆದ್ರೆ, ನೋವು ಗಂಟೆಗಟ್ಲೆ ಬಿಡದೇ ಇದ್ರೆ ಆಯ್ಕೆ-ಗೀಯ್ಕೆ ಏನೂ ಬೇಡ, ಸರ್ಜನ್ ಇರೋ ಹತ್ತಿರದ ಆಸ್ಪತ್ರೆಗೆ ಅವತ್ತೇ ಕರ್ಕೊಂಡು ಹೋಗಿ.