ಮೂರನೇ ಸಲ ಕೇಳಿದ ಪ್ರಶ್ನೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಆಪ್ತಸಲಹೆಗಾರ್ತಿಯಾಗಿ ಕೂತು ನಮ್ಮ ಕನ್ನಡದವರ ಕಷ್ಟ ಕೇಳುವ ನನಗೆ ಈ ಪ್ರಕರಣ ಹೊಸದಲ್ಲ. ವರ್ಷಕ್ಕೆ ಮೂರ್ನಾಲ್ಕಾದರೂ ಬರುತ್ತವೆ. ಇದೊಂದನ್ನು ಗುರುತು ಸಿಗದ ಹಾಗೆ ಬದಲಿಸಿ ಬರೆಯುತ್ತಿದ್ದೇನೆ, ಏಕೆಂದರೆ ಇದರಲ್ಲಿ ಮೊದಲು ತಪ್ಪಿದ್ದು ನಾನು.

ಅವರಿಗೆ 46. ಕುಂದಾಪುರ ಕಡೆಯವರು, ಹೋಟೆಲಿನ ಗಲ್ಲಾ ನೋಡಿಕೊಳ್ಳುವವರು. ಕರೆದುಕೊಂಡು ಬಂದಿದ್ದು ಹೆಂಡತಿ. "ಹತ್ತಿರವೇ ಬರುವುದಿಲ್ಲ, ಬೇರೆ ಯಾರೋ ಇದ್ದಾರೆ" ಅನ್ನುವುದು ಅವರ ದೂರು. ರಾತ್ರಿ ಹನ್ನೊಂದರ ತನಕ ದುಡಿಯುವವರಿಗೆ ಸುಸ್ತು, ಒತ್ತಡ ಇದ್ದದ್ದೇ ಅಂತ ನಾನೇ ತೀರ್ಮಾನ ಮಾಡಿ, ಎರಡು ಸಲ ಬರೀ ದಾಂಪತ್ಯದ ಮಾತಾಡಿದೆ.

ಮೂರನೇ ಸಲ ಅವರೊಬ್ಬರನ್ನೇ ಒಳಗೆ ಕರೆದೆ. ತುಂಬಾ ಹೊತ್ತು ಸುಮ್ನೆ ಕೂತರು. ಆಮೇಲೆ ಜೇಬಿನಿಂದ ಹೋಟೆಲಿನ ಬಿಲ್ ಚೀಟಿ ತೆಗೆದರು. ಹಿಂಬದಿಯಲ್ಲಿ ಒಂದು ಫೋನ್ ನಂಬರು. ಲೋಕಲ್ ಟ್ರೈನಿನ ಡಬ್ಬಿಯಲ್ಲಿ ಅಂಟಿಸಿರುತ್ತಾರಲ್ಲ, ಗುಪ್ತರೋಗಕ್ಕೆ ಗ್ಯಾರಂಟಿ ಔಷಧಿ ಅಂತ, ಅದು. ಮಡಚಿ ಮಡಚಿ ಚೀಟಿ ಗೆರೆಯುದ್ದಕ್ಕೂ ಹರಿಯುವ ಹಾಗಾಗಿತ್ತು.

"ಬೇರೆ ಯಾರೂ ಇಲ್ಲ ಮೇಡಂ. ನನ್ನಿಂದ ಆಗುವುದಿಲ್ಲ, ಅಷ್ಟೇ."

"ಬೆಳಗ್ಗೆ ಏಳುವಾಗ?"

"ಆಗಲೂ ಇಲ್ಲ. ಎರಡು ವರ್ಷ ಆಯ್ತು."

ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು. ಚಿಂತೆಯಿಂದ ತೊಂದರೆಯಾದವರಿಗೆ ಸಾಮಾನ್ಯವಾಗಿ ನಸುಕಿನ ನಿಮಿರುವಿಕೆ ಉಳಿದಿರುತ್ತದೆ. ಅದೂ ಹೋಗಿದ್ದರೆ ದೇಹವನ್ನೇ ನೋಡಿಸಬೇಕು. ಅದೇ ಚೀಟಿಯಲ್ಲಿ ಎರಡು ಸೊನ್ನೆ ಬರೆದೆ, ಒಂದು ಸಣ್ಣದು, ಒಂದು ದೊಡ್ಡದು. ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ಅಗಲ 1–2 ಮಿ.ಮೀ., ಹೃದಯದ್ದು 3–4. ನಾಳದ ಒಳಪದರ ಕೆಟ್ಟು ಕೊಬ್ಬು ಕೂರುತ್ತಾ ಬಂದರೆ ಸಣ್ಣದರಲ್ಲೇ ಮೊದಲು ಗೊತ್ತಾಗುತ್ತದೆ. ಎಷ್ಟೋ ಜನರಿಗೆ ಎದೆನೋವು ಬರುವುದಕ್ಕೆ 2ರಿಂದ 5 ವರ್ಷ ಮೊದಲೇ ಈ ತೊಂದರೆ ಶುರುವಾಗಿರುತ್ತದೆ.

"ಈ ನಂಬರಿಗೆ ಫೋನ್ ಮಾಡಬೇಡಿ. ಈ ವಾರವೇ ಡಾಕ್ಟರ ಹತ್ತಿರ ಹೋಗಿ ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಇಸಿಜಿ ಮಾಡಿಸಿ. ಸುಸ್ತು ಅಂತ ಹೇಳಿ ಬರಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ" ಅಂದೆ. ಮೆಡಿಕಲ್ ಶಾಪಿನಿಂದ ತಾವಾಗಿಯೇ ವಯಾಗ್ರದಂಥ ಮಾತ್ರೆ ತರುವುದನ್ನೂ ಬೇಡ ಅಂದೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಜೊತೆ ಅದು ಸೇರಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ಆಪ್ತಸಲಹೆಗಾರರು ಹೃದಯದ ಮಾತೆತ್ತಿ ಹೆದರಿಸಬಾರದು ಅಂತ ಜೊತೆಯವರೊಬ್ಬರು ನನ್ನನ್ನು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ನಿಮಗೆ ಹೃದಯದ ಕಾಯಿಲೆ ಇದೆ ಅಂತ ನಾನು ಹೇಳಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಆದರೆ ನಾಚಿಕೆಯಿಂದ ಡಾಕ್ಟರ ಹತ್ತಿರ ಹೋಗದ ಮನುಷ್ಯ ಹೆಂಡತಿಯ ಒತ್ತಾಯಕ್ಕೆ ನನ್ನೆದುರು ಬಂದು ಕೂತಿದ್ದಾರೆ. ನಾನೂ ಬಾಯಿ ಮುಚ್ಚಿಕೊಂಡರೆ ಅವರಿಗೆ ಹೇಳುವವರು ಯಾರು?

ಸಕ್ಕರೆ, ಬಿಪಿ ಎರಡೂ ಜಾಸ್ತಿ ಇತ್ತು. ಟ್ರೆಡ್‌ಮಿಲ್ ಪರೀಕ್ಷೆಯಲ್ಲೂ ವ್ಯತ್ಯಾಸ ಕಂಡಿತು. ಹೃದಯದ ಡಾಕ್ಟರು ಔಷಧಿ ಶುರು ಮಾಡಿ, ಸಿಗರೇಟು ಬಿಡಿಸಿದರು. ಹೆಂಡತಿ ನನ್ನೆದುರೇ ಅತ್ತರು. ಇಷ್ಟು ದಿನ ಅವರ ಮೇಲೆ ಸಂಶಯಪಟ್ಟೆನಲ್ಲ ಅಂತ.

ಕೊನೆಯ ಸಲ ಬಂದಾಗ ಹೊರಡುವ ಮುಂಚೆ ಗಂಡ ಬಾಗಿಲ ಬಳಿ ನಿಂತರು.

"ಊರಲ್ಲಿ ತಮ್ಮ ಇದ್ದಾನೆ ಮೇಡಂ. ಅವನಿಗೂ ಸಕ್ಕರೆ ಉಂಟು. ಅವನ ಹತ್ತಿರ ಈ ಮಾತು ಹೇಗೆ ಕೇಳುವುದು?"

"ಮೊದಲು ನಿಮ್ಮದನ್ನು ಹೇಳಿ" ಅಂದೆ.